ಗೆರೆಯಿಂದ ಮೂರ್ತಿಯವರೆಗೆ: ಹೊನ್ನಾವರ–ಕುಮಟಾ ಸೀಮೆಯ ಗುಡಿಗಾರರ ಕಲಾವೃತ್ತಿ

ಶ್ರಾವಣದ ಮಳೆ ಬಿಟ್ಟೂ ಬಿಡದೆ ಹೊಯ್ಯುವ ದಿನಗಳಲ್ಲಿ ಹೊನ್ನಾವರ, ಕುಮಟಾ, ಭಟ್ಕಳದ ಕೇರಿಗಳಲ್ಲಿ ಗಣಪತಿ ಮಾಡುವ ಮನೆಗಳ ಜಗುಲಿ, ಮಾಡು, ಅಟ್ಟಗಳೆಲ್ಲ ಮಣ್ಣಿನ ಮೂರ್ತಿಗಳಿಂದ ತುಂಬಿರುತ್ತವೆ. ಒಂದೊಂದು ಮೂರ್ತಿಯ ಅಡಿಯಲ್ಲೂ ಒಂದೊಂದು ಮನೆತನದ ಮಣೆಯಿರುತ್ತದೆ. ಚೌತಿಗೆ ಮೂರ್ತಿ ಬೇಕಾದವರು ತಮ್ಮ ಮನೆಯ ಮಣೆಯನ್ನು ಮೊದಲೇ ತಂದುಕೊಟ್ಟು ಹೋಗುವುದು ಈ ಕಡೆಯ ರೂಢಿ. ಗದ್ದೆಯಿಂದಲೋ ಕೆರೆಯಿಂದಲೋ ತಂದ ಜೇಡಿಮಣ್ಣನ್ನು ಆರಿಸಿ, ನೆನೆಸಿ, ತುಳಿದು ಹದಮಾಡಿದವನೇ ಅದನ್ನು ಸೊಂಡಿಲಾಗಿ, ಹೊಟ್ಟೆಯಾಗಿ, ಮಡಿಸಿದ ಕಾಲಾಗಿ ತಿದ್ದುತ್ತಾನೆ. ಮಣ್ಣು ಆರಿದ ಮೇಲೆ ಅವನೇ ಬಣ್ಣ ಕಲಸುತ್ತಾನೆ. ಹಬ್ಬ ಹತ್ತಿರವಾದಾಗ ಅವನೇ ಕೂದಲೆಳೆಯ ಕುಂಚ ಹಿಡಿದು ಪೀತಾಂಬರದ ಅಂಚಿನ ಬಳ್ಳಿಯನ್ನು ಬರೆದು, ಎಲ್ಲಕ್ಕೂ ಕೊನೆಯಲ್ಲಿ ಕಣ್ಣು ಬಿಡಿಸುತ್ತಾನೆ.

ಇಂದಿನ ಭಾಷೆಯಲ್ಲಿ ಹೇಳುವುದಾದರೆ ಈ ಒಬ್ಬನೇ ವ್ಯಕ್ತಿ ಮೊದಲ ವಾರಗಳಲ್ಲಿ ಶಿಲ್ಪಿ, ನಡುವಿನ ದಿನಗಳಲ್ಲಿ ವರ್ಣಚಿತ್ರಕಾರ, ಕೊನೆಗೆ ರೇಖಾಚಿತ್ರಕಾರ. ಚಿತ್ರ, ರೇಖೆ, ಶಿಲ್ಪ ಎಂಬ ಮೂರನ್ನೂ ಒಂದೇ ಬದುಕಿನಲ್ಲಿ ನಡೆಸುವುದು ಆಧುನಿಕ ಕಲಾವಿದನೊಬ್ಬನ ವಿಶೇಷ ಸಾಧನೆ ಎಂಬಂತೆ ಇತ್ತೀಚೆಗೆ ವರ್ಣಿಸಲಾಗುತ್ತದೆಯಾದರೂ, ಉತ್ತರ ಕನ್ನಡದ ಕರಾವಳಿಯಲ್ಲಿ ಅದು ಒಂದು ಇಡೀ ಸಮುದಾಯದ ದಿನನಿತ್ಯದ ಕಸುಬಾಗಿ ತಲೆಮಾರುಗಳ ಕಾಲ ನಡೆದುಬಂದಿದೆ. ಆ ಸಮುದಾಯವೇ ಗುಡಿಗಾರರು.

ದಾಖಲೆಗಳಲ್ಲಿ ಕಾಣುವ ಗುಡಿಗಾರರು

ಘಟ್ಟದ ಕೆಳಗೆ ಹೊನ್ನಾವರ, ಕುಮಟಾ, ಘಟ್ಟದ ಮೇಲೆ ಶಿರಸಿ, ಸಿದ್ದಾಪುರ, ಅಲ್ಲಿಂದಾಚೆ ಶಿವಮೊಗ್ಗ ಜಿಲ್ಲೆಯ ಸಾಗರ ಮತ್ತು ಸೊರಬ, ಇವು ಗುಡಿಗಾರರು ನೆಲೆನಿಂತ ಮುಖ್ಯ ಊರುಗಳು. ಪೋರ್ಚುಗೀಸರ ಕಾಲದಲ್ಲಿ ಗೋವೆಯನ್ನು ಬಿಟ್ಟು ತೆಂಕಣಕ್ಕೆ ಬಂದವರು ತಮ್ಮ ಹಿರಿಯರು ಎಂಬ ನಂಬಿಕೆ ಈ ಸಮುದಾಯದಲ್ಲಿದೆ. ಉತ್ತರ ಕನ್ನಡ ಜಿಲ್ಲೆಯು 1862ರಲ್ಲಿ ಮದರಾಸಿನ ಆಡಳಿತದಿಂದ ಮುಂಬಯಿಯ ಆಡಳಿತಕ್ಕೆ ಸೇರಿದ ಬಳಿಕ ಸಿದ್ಧವಾಗಿ 1883ರಲ್ಲಿ ಹೊರಬಂದ ಮುಂಬಯಿ ಪ್ರಾಂತದ ಗ್ಯಾಜೆಟಿಯರಿನ ಕನ್ನಡ ಜಿಲ್ಲೆಯ ಸಂಪುಟವು ಇವರ ಕೆತ್ತನೆಯ ಕೆಲಸವನ್ನು ಗುರುತಿಸಿದೆ. 1909ರಲ್ಲಿ ಪ್ರಕಟವಾದ ಎಡ್ಗರ್ ಥರ್ಸ್ಟನ್ ಅವರ ದಕ್ಷಿಣ ಭಾರತದ ಜಾತಿ–ಬುಡಕಟ್ಟುಗಳ ಕುರಿತ ಗ್ರಂಥವು ಗುಡಿಗಾರರನ್ನು ಮರದ ಕೆತ್ತನೆಗಾರರೆಂದೂ ಚಿತ್ರಗಾರರೆಂದೂ ಒಟ್ಟಿಗೆ ಹೆಸರಿಸುತ್ತದೆ.

ಆಡಳಿತಗಾರರ ಈ ಬರಹಗಳಿಗೆ ಅನೇಕ ಮಿತಿಗಳಿವೆ; ಜನರನ್ನು ಜಾತಿಯ ಪಟ್ಟಿಯಲ್ಲಿ ಕೂರಿಸುವುದೇ ಅವುಗಳ ಮುಖ್ಯ ಉದ್ದೇಶವಾಗಿತ್ತು. ಆದರೂ ಕೆತ್ತನೆ ಮತ್ತು ಚಿತ್ರ ಎಂಬ ಎರಡು ಕೆಲಸಗಳನ್ನು ಒಂದೇ ಉಸಿರಿನಲ್ಲಿ ಹೇಳುವ ಆ ಒಂದು ಮಾತು ಮಾತ್ರ ಕಣ್ಣಿಗೆ ಕಂಡದ್ದನ್ನು ಹಾಗೆಯೇ ಬರೆದದ್ದು, ಮತ್ತು ನಂತರದ ಎಷ್ಟೋ ವಿದ್ವಾಂಸರು ಕೈಬಿಟ್ಟದ್ದೂ ಅದನ್ನೇ.

ಭಟ್ಕಳದ ಕಲ್ಲು ಹೇಳುವುದು

ಕರಾವಳಿಯ ಶಿಲ್ಪಪರಂಪರೆ ಗುಡಿಗಾರರಿಂದಲೇ ಶುರುವಾದದ್ದಲ್ಲ. ವಿಜಯನಗರದ ಕಾಲದಲ್ಲಿ ದೊಡ್ಡ ಬಂದರಾಗಿದ್ದ ಭಟ್ಕಳದ ಖೇತಪೈ ನಾರಾಯಣ ದೇವಾಲಯ, ಜಟ್ಟಪ್ಪ ನಾಯಕನ ಚಂದ್ರನಾಥೇಶ್ವರ ಬಸದಿ, ಹೊನ್ನಾವರ ತಾಲೂಕಿನ ಗೇರುಸೊಪ್ಪೆಯ ಕಾಡಿನೊಳಗಿನ ಚತುರ್ಮುಖ ಬಸದಿ, ಭಟ್ಕಳ ತಾಲೂಕಿನ ಹಾಡುವಳ್ಳಿಯ ಜೈನ ಶಿಲ್ಪಗಳು, ಇವೆಲ್ಲ ಕಾಳುಮೆಣಸಿನ ವ್ಯಾಪಾರದಿಂದ ಹಣ ಹರಿದುಬರುತ್ತಿದ್ದ ಕಾಲದ ಕಲ್ಲುಕೆಲಸದ ಸಾಕ್ಷಿಗಳು. ಗೇರುಸೊಪ್ಪೆಯ ರಾಣಿ ಚೆನ್ನಭೈರಾದೇವಿಯನ್ನು ಪೋರ್ಚುಗೀಸರು ಮೆಣಸಿನ ರಾಣಿಯೆಂದು ಕರೆದದ್ದು ಇದೇ ಸಂಪತ್ತಿನ ಕಾರಣದಿಂದ.

ಖೇತಪೈ ನಾರಾಯಣ ದೇವಾಲಯದ ಮುಂದೆ ನಿಂತು ನೋಡುವವರಿಗೆ ಮೊದಲು ಕಾಣುವುದು ಅದರ ಇಳಿಜಾರು ಮಾಡು. ಹುಲ್ಲಿನ ಅಥವಾ ಹಂಚಿನ ಮನೆಯ ಮಾಡಿನಂತೆ ಇಳಿದ ಈ ಹೊದಿಕೆ ಪೂರಾ ಕಲ್ಲಿನದು. ಕಂಬಗಳ ನಡುವೆ ಗಾಳಿ–ಬೆಳಕು ಬರಲೆಂದು ಅಡ್ಡಡ್ಡಲಾಗಿ ಕೂರಿಸಿರುವ ಪಟ್ಟಿಗಳೂ ಕಲ್ಲಿನವು, ಆದರೆ ಬಡಗಿ ಜೋಡಿಸಿದ ರೀಪುಗಳ ಅಳತೆಯಲ್ಲಿವೆ. ಹೊರಗೋಡೆಯ ಪಟ್ಟಿಕೆಗಳಲ್ಲಿ ರಾಮಾಯಣದ ದೃಶ್ಯಗಳು ಆಳವಿಲ್ಲದ ಉಬ್ಬುಶಿಲ್ಪಗಳಾಗಿ ಸಾಗುತ್ತವೆ. ಉಬ್ಬುಶಿಲ್ಪವೆಂದರೆ ಹಿನ್ನೆಲೆಯ ಕಲ್ಲಿನಿಂದ ಬಿಡಿಸಿಕೊಳ್ಳದೆ, ಅರ್ಧ ಮಾತ್ರ ಮೇಲೆದ್ದು ನಿಂತ ಆಕೃತಿ. ಇಲ್ಲಿನ ಆಕೃತಿಗಳಿಗೆ ಹೊಯ್ಸಳ ಶಿಲ್ಪದ ತುಂಬುಮೈಯಾಗಲಿ ಒತ್ತೊತ್ತಾದ ಆಭರಣವಾಗಲಿ ಇಲ್ಲ; ಹೊರಗೆರೆ ಸ್ಪಷ್ಟವಾಗಿದ್ದು, ಬರೆದ ಚಿತ್ರವನ್ನೇ ಕಲ್ಲಿಗೆ ಇಳಿಸಿದಂತೆ ಕಾಣುತ್ತವೆ. ಮರದ ಕೆಲಸದಿಂದ ಕಲ್ಲಿಗೂ ಗೆರೆಯಿಂದ ಉಬ್ಬಿಗೂ ಸರಾಗವಾಗಿ ದಾಟುವ ಈ ಗುಣ ಗುಡಿಗಾರರ ಹೆಸರು ದಾಖಲೆಗಳಲ್ಲಿ ಕಾಣಿಸಿಕೊಳ್ಳುವುದಕ್ಕೆ ಮೊದಲೇ ಈ ತೀರದಲ್ಲಿ ಇತ್ತು.

ಗಂಧದ ಹಲಗೆಯ ಮೇಲೆ

ಗುಡಿಗಾರರಿಗೆ ಹೊರನಾಡಿನಲ್ಲಿ ಹೆಸರು ತಂದದ್ದು ಶ್ರೀಗಂಧದ ಕೆತ್ತನೆ. ಬ್ರಿಟಿಷರ ಕಾಲದಲ್ಲಿ ಕುಮಟಾ ಪಟ್ಟಣವು ಹತ್ತಿಯ ಬಂದರೆಂದು ಹೇಗೋ ಹಾಗೆಯೇ ಗಂಧದ ಕೆತ್ತನೆಯ ಊರೆಂದೂ ಪ್ರಸಿದ್ಧವಾಗಿತ್ತು. 1860ರ ದಶಕದಲ್ಲಿ ಅಮೆರಿಕದ ಅಂತರ್ಯುದ್ಧದಿಂದ ಇಂಗ್ಲೆಂಡಿನ ಗಿರಣಿಗಳಿಗೆ ಅಲ್ಲಿನ ಹತ್ತಿ ಬರುವುದು ನಿಂತಾಗ ಧಾರವಾಡದ ಕಡೆಯ ಹತ್ತಿ ಘಟ್ಟವಿಳಿದು ಕುಮಟೆಯಿಂದ ಹಡಗೇರುತ್ತಿತ್ತು; ಬಂದರಿಗೆ ಬರುವ ಅಧಿಕಾರಿಗಳೂ ವ್ಯಾಪಾರಿಗಳೂ ಕೆತ್ತನೆಯ ಪೆಟ್ಟಿಗೆ, ಬೀಸಣಿಗೆ, ಚಿತ್ರದ ಚೌಕಟ್ಟುಗಳಿಗೆ ಹೊಸ ಗಿರಾಕಿಗಳಾದರು. ದೇವಸ್ಥಾನದ ಬಾಗಿಲವಾಡವನ್ನೂ ತೇರಿನ ಹಲಗೆಯನ್ನೂ ಕೆತ್ತುತ್ತಿದ್ದ ಕೈಗಳು ಮೇಜಿನ ಮೇಲೆ ಇಡುವ ಪುಟ್ಟ ವಸ್ತುಗಳಿಗೆ ಒಗ್ಗಿಕೊಂಡ ಬಗೆ ಆಶ್ಚರ್ಯ ಹುಟ್ಟಿಸುವಂಥದ್ದು.

ಕೆಲಸದ ಕ್ರಮವನ್ನು ಹತ್ತಿರದಿಂದ ನೋಡಿದರೆ ಇಲ್ಲಿ ರೇಖೆಗೆ ಇರುವ ಸ್ಥಾನ ತಿಳಿಯುತ್ತದೆ. ಕೆತ್ತನೆಗೆ ಒದಗುವುದು ಗಂಧದ ಮರದ ಚೇಗು, ಅಂದರೆ ಬಲಿತ ಕಾಂಡದ ನಡುವಿನ ಗಟ್ಟಿ ತಿರುಳು. ಸುಗಂಧದ ಎಣ್ಣೆಯಿರುವುದೂ ಅದರಲ್ಲೇ. ಅದರ ಎಳೆ ಬಹಳ ನಯವಾಗಿ ಒತ್ತಾಗಿರುವುದರಿಂದ ಉಳಿ ಯಾವ ದಿಕ್ಕಿನಲ್ಲಿ ಸಾಗಿದರೂ ಮರ ಸಿಬಿರು ಏಳುವುದಿಲ್ಲ. ಮೊದಲು ಹಲಗೆಯನ್ನು ನುಣುಪು ಮಾಡಿ, ತೆಳುಕಾಗದದ ಮೇಲೆ ಚಿತ್ರವನ್ನು ಪೂರ್ತಿಯಾಗಿ ಬರೆದು, ಆ ಕಾಗದವನ್ನೇ ಮರಕ್ಕೆ ಅಂಟಿಸುತ್ತಾರೆ. ಮರ ಕಪ್ಪಾಗಿದ್ದರೆ ಅದಕ್ಕೆ ತೆಳುವಾಗಿ ಬಿಳಿ ಬಳಿದು ಅದರ ಮೇಲೆ ನೇರವಾಗಿ ಬರೆಯುವುದೂ ಉಂಟು. ಬಳಿಕ ಮೊನಚಾದ ಉಳಿಯಿಂದ ಹೊರಗೆರೆಗಳನ್ನು ಗೀರಿ, ಆಕೃತಿಗಳ ನಡುವಿನ ಜಾಗವನ್ನು ತಗ್ಗಿಸುತ್ತಾ ಹೋಗುತ್ತಾರೆ. ಹಿನ್ನೆಲೆ ತಗ್ಗಿದಂತೆ ಬಳ್ಳಿ, ಎಲೆ, ಹಕ್ಕಿ, ಆನೆ, ನಡುವಿನ ದೇವತೆ ಒಂದೊಂದಾಗಿ ಮೇಲೇಳುತ್ತವೆ.

ಒಮ್ಮೆ ಹೊರಗೆರೆ ಗೀರಿದ ಮೇಲೆ ತಿದ್ದುಪಡಿಗೆ ಎಡೆಯಿಲ್ಲ. ಮಣ್ಣಿನಲ್ಲಿ ತಪ್ಪಿದರೆ ಇನ್ನೊಂದು ಮುದ್ದೆ ಮೆತ್ತಬಹುದು, ಬಣ್ಣದಲ್ಲಿ ತಪ್ಪಿದರೆ ಮೇಲೊಂದು ಪದರ ಬಳಿಯಬಹುದು. ತೂಕದ ಲೆಕ್ಕದಲ್ಲಿ ಕೊಂಡ ಗಂಧದಲ್ಲಿ ತಪ್ಪಿದರೆ ಹೋದದ್ದು ಹೋಯಿತು. ಆದ್ದರಿಂದಲೇ ಈ ಮನೆಗಳಲ್ಲಿ ಮಕ್ಕಳ ಕೈಗೆ ಉಳಿ ಬರುವುದು ತಡವಾಗಿ. ಬಳ್ಳಿಯ ಸುತ್ತು ಕೈಗೆ ಕೂರುವ ತನಕ ಬರೆಯುವುದು, ಆಮೇಲೆ ಅಗ್ಗದ ಮರದಲ್ಲಿ ಹಿನ್ನೆಲೆ ತಗ್ಗಿಸುವುದು, ಬಹಳ ಕಾಲದ ಮೇಲೆ ಮುಖ ಕೆತ್ತುವುದು, ಹೀಗೆ ಕಲಿಕೆ ಸಾಗುತ್ತದೆ. ಪಠ್ಯಪುಸ್ತಕವಿಲ್ಲದ ಈ ಶಿಕ್ಷಣದ ತಳಹದಿ ಚಿತ್ರಕಲೆಯೇ. ಗುಡಿಗಾರನು ಕೆತ್ತನೆ ಗೊತ್ತಿರುವ ಚಿತ್ರಕಾರನೇ ಹೊರತು, ಬಿಡುವಿನಲ್ಲಿ ಚಿತ್ರ ಬರೆಯುವ ಕೆತ್ತನೆಗಾರನಲ್ಲ.

ಬೆಂಡು ಮತ್ತು ಬೇಗಡೆ

ಗಂಧ ಎಷ್ಟು ದುಬಾರಿಯೋ ಬೆಂಡು ಅಷ್ಟೇ ಅಗ್ಗ. ಕೆರೆ, ಜೌಗುಗಳಲ್ಲಿ ಬೆಳೆಯುವ ಒಂದು ಜಾತಿಯ ಗಿಡದ ಬಿಳಿಯ, ಹಗುರ, ಮೆತ್ತನೆಯ ಕಾಂಡವೇ ಬೆಂಡು. ಹರಿತವಾದ ಕತ್ತಿಯಿಂದ ಅದನ್ನು ಸುತ್ತಿ ಸುತ್ತಿ ಸೀಳಿದರೆ ಕಾಗದದಂಥ ಉದ್ದನೆಯ ಹಾಳೆ ಸಿಗುತ್ತದೆ. ಅದನ್ನು ಕತ್ತರಿಸಿ, ಮಡಿಸಿ, ಬಣ್ಣದಲ್ಲಿ ಅದ್ದಿ ಹೂವು, ದಂಡೆ, ಮದುಮಕ್ಕಳ ಹಣೆಗೆ ಕಟ್ಟುವ ಬಾಸಿಂಗ ಮುಂತಾದವನ್ನು ಮಾಡುತ್ತಾರೆ. ಬಂಗಾಳದ ಮಾಲಾಕಾರರು ಶೋಲಾ ಎಂಬ ಹೆಸರಿನಲ್ಲಿ ಬಳಸುವುದೂ ಇದೇ ವಸ್ತುವನ್ನು. ಬಾಸಿಂಗ ಒಂದು ಮದುವೆಯ ಹೊತ್ತಿಗಷ್ಟೇ ಬೇಕಾದದ್ದು, ಆಮೇಲೆ ಅದನ್ನು ಜೋಪಾನ ಮಾಡುವವರಿಲ್ಲ. ಆದರೂ ಅದರ ಹೂವಿನೆಸಳಿನ ಓರೆಯಲ್ಲಿ ಗಂಧದ ಪೆಟ್ಟಿಗೆಯ ಬಳ್ಳಿಯಲ್ಲಿರುವಷ್ಟೇ ಲೆಕ್ಕಾಚಾರವಿರುತ್ತದೆ.

ಯಕ್ಷಗಾನದ ವೇಷಭೂಷಣವೂ ಇದೇ ಬಗೆಯ ಕೌಶಲವನ್ನು ಬೇಡುತ್ತದೆ. ಕೆರೆಮನೆ ಶಿವರಾಮ ಹೆಗಡೆಯವರು 1934ರಲ್ಲಿ ಕಟ್ಟಿದ ಇಡಗುಂಜಿ ಮಹಾಗಣಪತಿ ಯಕ್ಷಗಾನ ಮಂಡಳಿಯ ನೆಲೆ ಹೊನ್ನಾವರ ತಾಲೂಕಿನ ಗುಣವಂತೆ. ಈ ಸೀಮೆಯ ಬಡಗುತಿಟ್ಟಿನ ವೇಷಗಳ ಕಿರೀಟ, ಭುಜಕೀರ್ತಿ, ಎದೆಕಟ್ಟು, ಕರ್ಣಪತ್ರಗಳು ಹಗುರವಾದ ಮರದಲ್ಲಿ ಕೆತ್ತಿ, ಮೇಲೆ ಬೇಗಡೆ ಹೊದಿಸಿ, ಕನ್ನಡಿಚೂರು ಕೂರಿಸಿದಂಥವು. ಬೇಗಡೆಯೆಂದರೆ ಚಿನ್ನದ ಹೊಳಪಿನ ತೆಳು ತಗಡು. ರಾತ್ರಿಯಿಡೀ ಕುಣಿಯುವ ಕಲಾವಿದನಿಗೆ ಭಾರವಾಗಬಾರದು, ದೂರದಲ್ಲಿ ಕೂತ ಪ್ರೇಕ್ಷಕನಿಗೆ ದೀಪದ ಬೆಳಕಿನಲ್ಲಿ ಮಿನುಗಬೇಕು. ಹೀಗಾಗಿ ಇಲ್ಲಿನ ಕೆತ್ತನೆ ಗಂಧದ ಕೆತ್ತನೆಗಿಂತ ದಪ್ಪ, ಆಳ. ಸೂಕ್ಷ್ಮ ಗೆರೆಗಳು ಇಲ್ಲಿ ವ್ಯರ್ಥವೆಂಬುದು ಮಾಡುವವನಿಗೆ ಗೊತ್ತಿರುತ್ತದೆ.

ಕೆಂಪು ಗೋಡೆಯ ಬಿಳಿ ಗೆರೆಗಳು

ಚಿತ್ರವೂ ಕೆತ್ತನೆಯೂ ಬೇರೆಬೇರೆಯಲ್ಲ ಎಂಬುದಕ್ಕೆ ಈ ಕರಾವಳಿಯ ಅತ್ಯುತ್ತಮ ನಿದರ್ಶನ ಕಾವಿ ಕಲೆ. ಇದು ಗುಡಿಗಾರರೊಬ್ಬರದೇ ಸೊತ್ತಲ್ಲ; ಮಹಾರಾಷ್ಟ್ರದ ದಕ್ಷಿಣ ಕೊಂಕಣದಿಂದ ಗೋವೆಯ ಮೂಲಕ ಉತ್ತರ ಕನ್ನಡದವರೆಗೆ, ಅದರಾಚೆಗೂ, ಗುಡಿಗಳ ಗೋಡೆ, ತುಳಸಿಕಟ್ಟೆ, ಸಿರಿವಂತರ ಮನೆಗಳ ಮುಂಭಾಗಗಳಲ್ಲಿ ಹರಡಿದ ಕಲೆಯಿದು. ಶಿರಸಿಯ ಮಾರಿಕಾಂಬಾ ದೇವಾಲಯದ ಕಾವಿ ಚಿತ್ರಗಳು ಹೆಚ್ಚು ಪರಿಚಿತವಾದವು.

ಇದರ ವಿಧಾನ ಸರಳವಾಗಿ ಕಂಡರೂ ತಾಳ್ಮೆಯದು. ಚಿಪ್ಪು ಸುಟ್ಟು ಮಾಡಿದ ಸುಣ್ಣಕ್ಕೆ ನಯವಾದ ಮರಳನ್ನೂ ಬೆಲ್ಲದ ನೀರನ್ನೂ ಬೆರೆಸಿ, ಕೆಲಕಾಲ ಹುಳಿಯಲು ಬಿಟ್ಟು, ಬೆಣ್ಣೆಯ ಹದಕ್ಕೆ ಬರುವಂತೆ ಕುಟ್ಟಿದ ಗಾರೆಯನ್ನು ಗೋಡೆಗೆ ಬಳಿಯಲಾಗುತ್ತದೆ. ಅಘನಾಶಿನಿಯಂಥ ನದಿಗಳ ಅಳಿವೆಗಳಲ್ಲಿ ಚಿಪ್ಪು ಧಾರಾಳವಾಗಿ ಸಿಗುತ್ತಿದ್ದುದರಿಂದ ಸುಣ್ಣಕ್ಕೆ ಇಲ್ಲಿ ಕೊರತೆಯಿರಲಿಲ್ಲ. ಈ ಬಿಳಿ ಪದರದ ಮೇಲೆ ಹುರುಮಂಜಿ, ಅಂದರೆ ಕೆಂಪು ಕಾವಿಮಣ್ಣು ಬೆರೆಸಿದ ತೆಳುವಾದ ಇನ್ನೊಂದು ಪದರ ಬರುತ್ತದೆ. ಅದು ಇನ್ನೂ ಹಸಿಯಾಗಿರುವಾಗಲೇ ಮೊನಚಾದ ಕಬ್ಬಿಣದ ಕಡ್ಡಿಯಿಂದ ಚಿತ್ರವನ್ನು ಗೀರಿ, ಬೇಕಾದಲ್ಲಿ ಕೆಂಪನ್ನು ಕೆರೆದು ತೆಗೆದರೆ ಅಡಿಯ ಬಿಳಿ ಹೊರಗೆ ಬಂದು, ಕೆಂಪು–ಬಿಳಿಗಳ ಎರಡೇ ಬಣ್ಣದಲ್ಲಿ ದಶಾವತಾರ, ಗರುಡ, ಬಳ್ಳಿಮಂಡಲ, ನಕ್ಷತ್ರಾಕೃತಿಗಳು ಮೂಡುತ್ತವೆ. ಕೊನೆಯಲ್ಲಿ ಹೊಳೆಯ ನುಣುಪುಗಲ್ಲಿನಿಂದ ಉಜ್ಜಿ ಮೆರುಗು ಕೊಡುತ್ತಾರೆ. ಇಟಲಿಯಲ್ಲಿ ಸ್ಗ್ರಾಫಿತೊ ಎಂದು ಕರೆಯುವ ಕೆಲಸವೂ ಇದೇ ತತ್ತ್ವದ್ದು.

ಹೊನ್ನಾವರದಂಥ ಊರಿನಲ್ಲಿ ವರ್ಷಕ್ಕೆ 3,000 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುತ್ತದೆ, ಗಾಳಿಯಲ್ಲಿ ಉಪ್ಪಿರುತ್ತದೆ. ಇಂಥ ಹವೆಯಲ್ಲಿ ಗೋಡೆಯ ಮೇಲೆ ಬಳಿದ ಬಣ್ಣ ಕೆಲವೇ ವರ್ಷಗಳಲ್ಲಿ ಕಳಚಿ ಬೀಳುತ್ತದೆ. ಗಾರೆಯೊಳಗೇ ಕೂತ, ಗೀರಿ ತೆಗೆದ ಚಿತ್ರ ನಿಲ್ಲುತ್ತದೆ. ಮಳೆಗೆ ತಡೆದುಕೊಂಡ ಈ ಗೋಡೆಗಳನ್ನು ಕೊನೆಗೆ ಕೆಡವಿದ್ದು ಜೀರ್ಣೋದ್ಧಾರದ ಉತ್ಸಾಹ. ಹಳೆಯ ಗಾರೆಯನ್ನು ಕೆತ್ತಿಹಾಕಿ ಸಿಮೆಂಟು ಮೆತ್ತಿ, ಎಣ್ಣೆಬಣ್ಣ ಬಳಿದು, ಹೊಳೆಯುವ ಟೈಲ್ಸ್ ಅಂಟಿಸಿದ ಗುಡಿಗಳಲ್ಲಿ ಕಾವಿ ಚಿತ್ರದ ಗುರುತೂ ಉಳಿದಿಲ್ಲ. ಭಕ್ತಿಯಿಂದಲೇ ನಡೆದ ಈ ನಾಶ ಬಹಳ ನೋವಿನ ಸಂಗತಿ.

ಈ ಹಾನಿಯನ್ನು ಬೇಗನೆ ಕಂಡುಕೊಂಡವರು ಹೊನ್ನಾವರದಲ್ಲಿ 1934ರಲ್ಲಿ ಹುಟ್ಟಿದ ಡಾ. ಕೃಷ್ಣಾನಂದ ಕಾಮತರು. ಕೀಟಶಾಸ್ತ್ರದಲ್ಲಿ ಸಂಶೋಧನೆ ಮಾಡಿದ ವಿಜ್ಞಾನಿಯಾಗಿದ್ದ ಅವರು ಛಾಯಾಗ್ರಾಹಕರೂ ಪ್ರವಾಸ ಸಾಹಿತ್ಯದ ಲೇಖಕರೂ ಆಗಿದ್ದು, ತಮ್ಮ ಪುಸ್ತಕಗಳಿಗೆ ತಾವೇ ರೇಖಾಚಿತ್ರ ಬರೆಯುತ್ತಿದ್ದರು. ಗುಡಿಗಳಿಂದ ಗುಡಿಗಳಿಗೆ ಅಲೆದು ಕಾವಿ ಚಿತ್ರಗಳ ಛಾಯಾಚಿತ್ರ ತೆಗೆದು, ಅವುಗಳ ವಿಧಾನವನ್ನು ಕೇಳಿ ಬರೆದಿಟ್ಟ ಅವರ ಕೆಲಸದಿಂದಾಗಿ, 2002ರಲ್ಲಿ ಅವರು ತೀರಿಕೊಂಡ ನಂತರವೂ ಈ ಕಲೆಯ ಬಗ್ಗೆ ಮಾತಾಡುವವರು ಮೊದಲು ಎತ್ತಿಕೊಳ್ಳುವುದು ಅವರ ಸಂಗ್ರಹವನ್ನೇ. ಇದ್ದ ಗೋಡೆಗಳು ಬಿದ್ದ ಮೇಲೆ ಉಳಿದದ್ದು ಎಷ್ಟೋ ಕಡೆ ಚಿತ್ರದ ಚಿತ್ರ ಮಾತ್ರ.

ಹೆಸರಿದ್ದವರು, ಹೆಸರಿಲ್ಲದವರು

ಕರ್ನಾಟಕದಲ್ಲಿ ಚಿತ್ರ, ಪುಸ್ತಕಚಿತ್ರ, ಶಿಲ್ಪ ಮೂರನ್ನೂ ನಡೆಸಿ ಹೆಸರಾದವರು ಕೆ. ವೆಂಕಟಪ್ಪ. ಮೈಸೂರು ಅರಮನೆಗೆ ಕೆಲಸ ಮಾಡುತ್ತಿದ್ದ ಚಿತ್ರಗಾರ ಮನೆತನದಲ್ಲಿ 1886ರಲ್ಲಿ ಹುಟ್ಟಿದ ಅವರನ್ನು ನಾಲ್ವಡಿ ಕೃಷ್ಣರಾಜ ಒಡೆಯರು ಕಲ್ಕತ್ತೆಗೆ ಕಳಿಸಿದರು. ಅಲ್ಲಿ ಅವನೀಂದ್ರನಾಥ ಠಾಕೂರರ ಶಿಷ್ಯರಾಗಿ, ಸೋದರಿ ನಿವೇದಿತಾ ಮತ್ತು ಆನಂದ ಕುಮಾರಸ್ವಾಮಿ ಬರೆದು 1913ರಲ್ಲಿ ಲಂಡನ್ನಿನಲ್ಲಿ ಪ್ರಕಟವಾದ ಹಿಂದೂ–ಬೌದ್ಧ ಪುರಾಣಗಳ ಗ್ರಂಥಕ್ಕೆ ನಂದಲಾಲ ಬೋಸರ ಜೊತೆಯಲ್ಲಿ ಚಿತ್ರ ಬರೆದರು. ಮುಂದೆ ಊಟಿ, ಕೊಡೈಕೆನಾಲಿನ ನಿಸರ್ಗವನ್ನು ಜಲವರ್ಣದಲ್ಲಿ ಬರೆದರು, ಗಚ್ಚಿನಲ್ಲಿ ಉಬ್ಬುಶಿಲ್ಪಗಳನ್ನು ಮಾಡಿದರು, ವೀಣೆ ಶೇಷಣ್ಣನವರಲ್ಲಿ ವೀಣೆ ಕಲಿತರು. 1965ರಲ್ಲಿ ತೀರಿಕೊಂಡ ಅವರ ಹೆಸರಿನ ಕಲಾ ಗ್ಯಾಲರಿ ಬೆಂಗಳೂರಿನ ಕಸ್ತೂರಬಾ ರಸ್ತೆಯಲ್ಲಿದೆ.

ವೆಂಕಟಪ್ಪನವರ ಪ್ರತಿಭೆ ದೊಡ್ಡದು. ಅದರಲ್ಲಿ ಎರಡು ಮಾತಿಲ್ಲ. ಆದರೆ ವಂಶದ ಕಸುಬಿನಿಂದ ಮೇಲೆದ್ದು ಹೆಸರುಳ್ಳ ಕಲಾವಿದನಾಗಲು ಅವರಿಗೆ ಅರಸನ ಆಶ್ರಯ, ಕಲಾಶಾಲೆಯ ಶಿಕ್ಷಣ, ಲಂಡನ್ನಿನ ಪ್ರಕಾಶಕರ ಪುಟಗಳು ಒದಗಿದವು. ಅದೇ ಕಾಲದಲ್ಲಿ ಕುಮಟೆಯಲ್ಲಿ ಗಂಧ ಕೆತ್ತುತ್ತಿದ್ದವರಿಗೆ ಇವು ಯಾವುದೂ ಇರಲಿಲ್ಲ; ಅವರ ಪೆಟ್ಟಿಗೆಗಳು ಊರಿನ ಮತ್ತು ಮರದ ಹೆಸರಿನಿಂದಲೇ ಗುರುತಾದವು. ನಮ್ಮ ಶಿಲ್ಪಿಗಳು ಹೆಸರಿನ ಹಂಬಲವಿಲ್ಲದ ವಿರಾಗಿಗಳೆಂದು ಹೇಳಿ ಈ ಮರೆವನ್ನು ಸಮರ್ಥಿಸುವವರಿದ್ದಾರೆ. ಆ ಮಾತು ನಿಲ್ಲುವುದಿಲ್ಲ. ಬೇಲೂರಿನಲ್ಲಿ ಬಳ್ಳಿಗಾವೆಯ ದಾಸೋಜ, ಸೋಮನಾಥಪುರದಲ್ಲಿ ಮಲ್ಲಿತಮ್ಮ ತಮ್ಮ ಕೃತಿಗಳ ಅಡಿಯಲ್ಲೇ ಹೆಸರು ಕೆತ್ತಿದ್ದಾರೆ. ಅವಕಾಶವಿದ್ದಾಗ ಕನ್ನಡದ ಶಿಲ್ಪಿ ಸಹಿ ಹಾಕಿದ್ದಾನೆ.

ಇಂದಿನ ವ್ಯವಸ್ಥೆಯಲ್ಲೂ ಗುಡಿಗಾರನ ಜಾಗ ಸ್ಪಷ್ಟವಿಲ್ಲ. ಚಿತ್ರಕಲೆಗೆ ಲಲಿತಕಲಾ ಅಕಾಡೆಮಿ, ಕೆತ್ತನೆಗೆ ಶಿಲ್ಪಕಲಾ ಅಕಾಡೆಮಿ, ಮಾರಾಟಕ್ಕೆ ಕರಕುಶಲ ಅಭಿವೃದ್ಧಿ ನಿಗಮ; ಚಿತ್ರಕಾರರಿಗೆ ವೆಂಕಟಪ್ಪನವರ ಹೆಸರಿನ ಪ್ರಶಸ್ತಿ, ಶಿಲ್ಪಿಗಳಿಗೆ ಜಕಣಾಚಾರಿ ಪ್ರಶಸ್ತಿ. ಬೆಳಿಗ್ಗೆ ಬಾಸಿಂಗ ಕಟ್ಟಿ, ಮಧ್ಯಾಹ್ನ ಗಂಧ ಕೆತ್ತಿ, ಮಳೆಗಾಲದಲ್ಲಿ ಮಣ್ಣು ತಿದ್ದಿ ಬಣ್ಣ ಹಚ್ಚುವವನನ್ನು ಈ ವಿಂಗಡಣೆ ಇಡಿಯಾಗಿ ನೋಡಲಾರದು. ಅವನ ಕೆಲಸದ ಒಂದು ತುಂಡನ್ನಷ್ಟೇ ಪ್ರತಿಯೊಂದು ಸಂಸ್ಥೆಯೂ ನೋಡುತ್ತದೆ.

ಮರ, ದಂತ, ಮಣ್ಣು

ಕಸುಬಿನ ಏರಿಳಿತವನ್ನು ಹೆಚ್ಚಾಗಿ ನಿರ್ಧರಿಸಿದ್ದು ಕಚ್ಚಾವಸ್ತು. ಗುಡಿಗಾರರು ಹಿಂದೆ ಆನೆದಂತದಲ್ಲೂ ಕೆತ್ತುತ್ತಿದ್ದರು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಗೆ 1986 ಮತ್ತು 1991ರಲ್ಲಿ ಆದ ತಿದ್ದುಪಡಿಗಳಿಂದ ದಂತದ ವ್ಯಾಪಾರ ಸಂಪೂರ್ಣ ನಿಂತಿತು, ಮತ್ತು ಆನೆಗಳ ಉಳಿವಿಗೆ ಅದು ನಿಲ್ಲಲೇಬೇಕಿತ್ತು. ಗಂಧದ ಕಥೆ ಬೇರೆ. ಬಹುಕಾಲ ಸರ್ಕಾರದ ಸೊತ್ತಾಗಿದ್ದ ಈ ಮರವನ್ನು ತಮ್ಮ ಜಮೀನಿನಲ್ಲಿ ಬೆಳೆದವರೂ ತಮ್ಮದೆನ್ನುವಂತಿರಲಿಲ್ಲ. 2001ರಲ್ಲಿ ಕರ್ನಾಟಕ ಅರಣ್ಯ ಕಾಯಿದೆಗೆ ತಿದ್ದುಪಡಿಯಾದ ಮೇಲೆ ಜಮೀನಿನ ಒಡೆಯನಿಗೇ ಮರದ ಒಡೆತನ ಬಂತು. ಆದರೆ ಕಳ್ಳತನದಿಂದ ಕಾಡಿನ ಬಲಿತ ಮರಗಳು ಅಷ್ಟರಲ್ಲೇ ಬರಿದಾಗಿದ್ದವು, ಹೊಸ ಸಸಿಯಲ್ಲಿ ಕೆತ್ತನೆಗೆ ಸಾಲುವಷ್ಟು ಚೇಗು ಕೂಡಲು ದಶಕಗಳೇ ಬೇಕು. ಈ ನಡುವೆ ಗಂಧದ ಬೆಲೆ ಸಾಮಾನ್ಯ ಕುಶಲಕರ್ಮಿಯ ಕೈಮೀರಿತು, ಶಿವನಿಯಂಥ ಮರಗಳು ಅದರ ಜಾಗಕ್ಕೆ ಬಂದವು. ಕೆತ್ತನೆ ಅದೇ ಆದರೂ ಕೊಳ್ಳುವವನು ಗಂಧಕ್ಕೆ ಕೊಟ್ಟ ಬೆಲೆಯನ್ನು ಶಿವನಿಗೆ ಕೊಡುವುದಿಲ್ಲ. ಇಷ್ಟು ವರ್ಷ ಅವನು ಬೆಲೆ ಕಟ್ಟುತ್ತಿದ್ದದ್ದು ಮರಕ್ಕೆ, ಕೈಗಲ್ಲ ಎಂಬುದು ಆಗ ಬಯಲಾಯಿತು.

ಮಣ್ಣಿಗೆ ಎದುರಾಗಿ ನಿಂತದ್ದು ಪ್ಲಾಸ್ಟರ್ ಆಫ್ ಪ್ಯಾರಿಸ್. ಅಚ್ಚಿನಲ್ಲಿ ಹೊಯ್ದ ಹಗುರ ಮೂರ್ತಿಗಳು ಪೇಟೆಗೆ ಬಂದಾಗ ಕೈಯಿಂದ ತಿದ್ದಿದ ಮೂರ್ತಿ ಬೆಲೆಯಲ್ಲಿ ಸೋಲುವುದು ಸಹಜವಾಗಿತ್ತು. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯು 2020ರಲ್ಲಿ ಪರಿಷ್ಕರಿಸಿದ ಮಾರ್ಗಸೂಚಿಯು ಇಂಥ ಮೂರ್ತಿಗಳನ್ನು ನಿಷೇಧಿಸಿ, ಮಣ್ಣಿನ ಮೂರ್ತಿಗೂ ನೈಸರ್ಗಿಕ ಬಣ್ಣಕ್ಕೂ ಒತ್ತುಕೊಟ್ಟಿದೆ. ಉತ್ತರ ಕನ್ನಡದ ಮನೆಗಳಲ್ಲಿ ಮಣೆ ಕೊಡುವ ರೂಢಿ ಬಿಟ್ಟುಹೋಗದಿದ್ದುದರಿಂದ ಇಲ್ಲಿ ಮಣ್ಣಿನ ಗಣಪತಿಗೆ ಬೇಡಿಕೆ ಹಿಂದೆಯೂ ಇತ್ತು, ಈಗಲೂ ಇದೆ. ಅನೇಕ ಕುಟುಂಬಗಳಲ್ಲಿ ಕಸುಬು ಇನ್ನೂ ನಡೆಯುತ್ತಿರುವುದು ಈ ಒಂದು ಹಂಗಾಮಿನ ಬಲದಿಂದ. ಉಳಿದ ತಿಂಗಳುಗಳಿಗೆ ಕೆಲಸ ಬೇಕು, ಮತ್ತು ಆ ಕೆಲಸ ಇದೇ ಊರುಗಳಲ್ಲಿ ಇದೆ: ಜೀರ್ಣೋದ್ಧಾರಕ್ಕೆ ಕೈಹಾಕುವ ದೇವಸ್ಥಾನ ಸಮಿತಿಗಳು ಗೋಡೆ ಕೆರೆಯುವ ಮೊದಲು ಅದರ ಕಾವಿ ಚಿತ್ರಗಳ ಅಳತೆ ತೆಗೆಸಿ, ಪಡಿಯಚ್ಚು ಬರೆಸಿ, ಸುಣ್ಣದ ಗಾರೆಯಲ್ಲೇ ಮರಳಿ ಮಾಡಿಸುವುದಾದರೆ, ಅದನ್ನು ಮಾಡಬಲ್ಲ ಕಣ್ಣೂ ಕೈಯೂ ಹೊನ್ನಾವರ, ಕುಮಟೆಯ ಗುಡಿಗಾರರ ಮನೆಗಳಲ್ಲಿ ಈಗಲೂ ಸಿಗುತ್ತವೆ.